ನಲವತ್ತಕ್ಕೆ ಮರಳುತ್ತಿದ್ದ ವಾಲ್ಯೂಮ್: ಒಂದು ಕಂಪ್ಯೂಟರಿನ ಮರೆವಿನ ಪ್ರಕರಣ

ಅಕ್ಕನ ಕೆಲಸ ರೆಕಾರ್ಡಿಂಗ್ ಕೇಳಿ ಅಕ್ಷರಕ್ಕಿಳಿಸುವುದು. ಸಂದರ್ಶನ, ಮೀಟಿಂಗು, ಕೆಲವೊಮ್ಮೆ ವಕೀಲರ ಮುಂದೆ ಯಾರೋ ಕೊಟ್ಟ ಹೇಳಿಕೆ. ದಿನಕ್ಕೆ ಆರೇಳು ಗಂಟೆ ಹೆಡ್‌ಸೆಟ್ ಕಿವಿಯ ಮೇಲೇ ಇರುತ್ತದೆ. ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ, ಹೆಡ್‌ಸೆಟ್ ಏರಿಸಿಕೊಂಡು, ಹಿಂದಿನ ದಿನ ನಿಲ್ಲಿಸಿದ ಕಡೆಯಿಂದ ಪ್ಲೇ ಒತ್ತಿದಳು. ಕಿವಿಯಲ್ಲಿ ಏನೂ ಇಲ್ಲ. ವಾಲ್ಯೂಮ್ ಕಡಿಮೆಯಿರಬೇಕು ಅಂತ ಏರಿಸಿದಳು, ಇನ್ನೂ ಏರಿಸಿದಳು. ಕಿವಿ ಪೂರ್ತಿ ಮುಚ್ಚುವ ಹೆಡ್‌ಸೆಟ್ ಅದು, ಹೊರಗಿನದು ಏನೂ ಕೇಳಿಸುವುದಿಲ್ಲ. ಪಕ್ಕದ ಕೋಣೆಯಿಂದ ಭಾವ ಬಂದು "ಯಾರದೇ ಇದು ಡೈವೋರ್ಸು?" ಅಂದಾಗಲೇ ಗೊತ್ತಾದದ್ದು, ಅಷ್ಟು ಹೊತ್ತೂ ಮೇಜಿನ ಮೇಲಿನ ಸ್ಪೀಕರ್‌ಗಳು ಮನೆಯೆಲ್ಲ ಕೇಳುವ ಹಾಗೆ ಒದರುತ್ತಿದ್ದವು.

"ಲೋ, ನಿನ್ನ ಲಿನಕ್ಸ್ ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕುತ್ತೆ ಕಣೋ" ಅಂತ ಫೋನ್ ಬಂತು. ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನು. ಹಾಗಾಗಿ ಅದರಲ್ಲಿ ಏನೇ ಆದರೂ ಅದು ನನ್ನ ಲಿನಕ್ಸ್. ಸರಿಯಾಗಿ ನಡೆದ ದಿನ ಮಾತ್ರ ಅವಳ ಕಂಪ್ಯೂಟರ್.

ದೂರು ಒಂದಲ್ಲ, ಮೂರು. ಯುಎಸ್‌ಬಿ ಹೆಡ್‌ಸೆಟ್ಟನ್ನು ಆರಿಸಿಟ್ಟರೂ ಮಾರನೆಯ ದಿನ ಸದ್ದು ಕೇಸಿನೊಳಗಿನ ಸೌಂಡ್ ಕಾರ್ಡಿಗೆ, ಅಂದರೆ ಸ್ಪೀಕರಿಗೆ ಹೋಗುತ್ತಿತ್ತು. ವಾಲ್ಯೂಮ್ ಎಷ್ಟೇ ಇಟ್ಟಿರಲಿ, 40ಕ್ಕೆ ಬಂದು ನಿಂತಿರುತ್ತಿತ್ತು. ಮೂರನೆಯದು ಅವಳ ಮಾತಿನಲ್ಲೇ: "ಟೈಪ್ ಮಾಡೋ ಟಕಟಕ ನನ್ನ ಕಿವಿಗೇ ವಾಪಸ್ ಬರುತ್ತೆ." ಇದು ಸೈಡ್‌ಟೋನ್. ಮೈಕಿಗೆ ಬಿದ್ದದ್ದನ್ನು ಹೆಡ್‌ಸೆಟ್ ಸ್ವಲ್ಪ ಕಿವಿಗೂ ಕಳಿಸುತ್ತದೆ, ಕರೆಯಲ್ಲಿ ಮಾತಾಡುವವರು ತಮ್ಮ ದನಿ ತಮಗೇ ಕೇಳದೆ ಕಿರುಚಬಾರದು ಅಂತ. ಇಡೀ ದಿನ ಟೈಪ್ ಮಾಡುವವರಿಗೆ ಅದು ಹಿಂಸೆ. ಅದನ್ನು ಸೊನ್ನೆ ಮಾಡುವುದು ಹೇಗೆ ಅಂತ ನಾನೇ ಒಮ್ಮೆ ಹೇಳಿಕೊಟ್ಟಿದ್ದೆ: ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಆಲ್ಸಾಮಿಕ್ಸರ್ ಎಂಬ ಪ್ರೋಗ್ರಾಂ ತೆರೆದು, ಎಫ್6 ಒತ್ತಿ, ಹೆಡ್‌ಸೆಟ್ ಆರಿಸಿ, ಸೈಡ್‌ಟೋನ್ ಎಂಬ ಕಂಬವನ್ನು ಕೆಳಗಿಳಿಸುವುದು. ಅವಳು ಅದನ್ನು ದಿನಾ ಬೆಳಿಗ್ಗೆ, ಹಲ್ಲುಜ್ಜುವಷ್ಟು ನಿಷ್ಠೆಯಿಂದ ಮಾಡುತ್ತಿದ್ದಳು. ತಿಂಗಳುಗಟ್ಟಲೆ. ಇದು ತೊಂದರೆ ಅಂತ ನನಗೆ ಹೇಳಬೇಕು ಅನ್ನಿಸಿಯೇ ಇರಲಿಲ್ಲ ಅವಳಿಗೆ.

ಮೊದಲು ನಾನು ಮಾಡಿದ್ದು ತೇಪೆ. ತೇಪೆ ಹಾಕುವಾಗ ಅದು ತೇಪೆ ಅಂತ ನನಗೆ ಗೊತ್ತಿತ್ತು, ಅದನ್ನೂ ಹೇಳಿಬಿಡಬೇಕು. ಫೋನ್‌ನಲ್ಲೇ ಒಂದು ಚಿಕ್ಕ ಸ್ಕ್ರಿಪ್ಟ್, ಅಂದರೆ ಕಮಾಂಡುಗಳ ಪಟ್ಟಿ, ಹೇಳಿ ಬರೆಸಿ, ಲಾಗಿನ್ ಆದಾಗ ತಾನಾಗಿ ಓಡುವಂತೆ ಇಡಿಸಿದೆ: ಡೀಫಾಲ್ಟ್ ಸಾಧನವನ್ನು (ಸದ್ದು ತಾನಾಗಿ ಹೋಗುವ ಸಾಧನವನ್ನು) ಹೆಡ್‌ಸೆಟ್‌ಗೆ ಬದಲಿಸು, ಅಷ್ಟೆ. ಡಬ್ಲ್ಯುಪಿಸಿಟಿಎಲ್ ಎಂಬ ಕಮಾಂಡಿನಲ್ಲಿ ಸಾಧನವನ್ನು ಒಂದು ಸಂಖ್ಯೆಯಿಂದ ಕರೆಯುತ್ತಾರೆ. ಆ ದಿನ ಹೆಡ್‌ಸೆಟ್ 47 ಆಗಿತ್ತು, ಹಾಗೇ ಬರೆಸಿದೆ. ಎರಡು ದಿನ ನಡೆಯಿತು. ಮೂರನೆಯ ದಿನ 47 ಬೇರೆ ಯಾವುದೋ ಆಗಿತ್ತು, ಹೆಡ್‌ಸೆಟ್ 52. ಆ ಸಂಖ್ಯೆಗಳು ಸಾಲಿನಲ್ಲಿ ನಿಂತಾಗ ಸಿಗುವ ಟೋಕನ್ ಇದ್ದ ಹಾಗೆ, ಯಾರು ಮೊದಲು ಬಂದರು ಅನ್ನುವುದರ ಮೇಲೆ ಸಿಗುತ್ತವೆ. ಪ್ರತಿ ಸಲವೂ ಹೊಸದು. ಸಾಧನದ ಪೂರ್ತಿ ಹೆಸರು ಬಳಸಬೇಕಿತ್ತು. ಎರಡನೆಯ ಆವೃತ್ತಿಯಲ್ಲಿ ಹೆಸರು ಹಾಕಿದೆ, ಯುಎಸ್‌ಬಿ ಸಾಧನ ಸಿದ್ಧವಾಗಲಿ ಅಂತ 5 ಸೆಕೆಂಡ್ ಕಾಯುವಂತೆ ಮಾಡಿದೆ, ಜೊತೆಗೆ ವಾಲ್ಯೂಮ್ 65ಕ್ಕೆ ಇಡುವ ಸಾಲನ್ನೂ ಸೇರಿಸಿದೆ. 65 ಯಾಕೆ? ಕೇಳಿದೆ, "ಅಷ್ಟಿರಲಿ ಬಿಡು" ಅಂದಳು.

ಮೂರು ವಾರ ನೆಮ್ಮದಿ. ಆಮೇಲೊಂದು ದಿನ ಹೆಡ್‌ಸೆಟ್ಟಿನ ವೈರನ್ನು ಲಾಗಿನ್ ಆದ ಮೇಲೆ ಚುಚ್ಚಿದ್ದಾಳೆ. ಸ್ಕ್ರಿಪ್ಟ್ ತನ್ನ 5 ಸೆಕೆಂಡ್ ಕಾದು, ಹೆಡ್‌ಸೆಟ್ ಕಾಣದೆ, ತೆಪ್ಪಗೆ ಹೋಗಿದೆ. ಮತ್ತೆ ಸ್ಪೀಕರ್, ಮತ್ತೆ ಭಾವ. ಈ ಸಲ ನಾನೇ ಹೋಗಿ ಕೂತೆ.

"ರೀಸೆಟ್ ಆಗುತ್ತೆ" ಅಂತ ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಆ ಮಾತೇ ದಾರಿ ತಪ್ಪಿಸುತ್ತದೆ, ಯಾರೋ ರಾತ್ರಿ ಬಂದು ಎಲ್ಲವನ್ನೂ ಅಳಿಸಿಹೋದಂತೆ. ಕಂಪ್ಯೂಟರ್ ಆಫ್ ಆದರೆ ಮೆಮೊರಿಯಲ್ಲಿದ್ದದ್ದೆಲ್ಲ ಹೇಗೂ ಹೋಗುತ್ತದೆ, ಮರೆಯುವುದು ಅದರ ಸಹಜ ಸ್ಥಿತಿ. ನೆನಪಿರುವುದೇ ವಿಶೇಷ: ಯಾರೋ ಒಬ್ಬರು ಡಿಸ್ಕಿನ ಮೇಲೆ ಬರೆದಿಡಬೇಕು, ಮಾರನೆಯ ದಿನ ಯಾರೋ ಅದನ್ನು ಓದಬೇಕು, ಓದಿದ ಮೇಲೆ ಇನ್ನೊಬ್ಬರು ಬಂದು ಕೆಡಿಸಬಾರದು. ನಾನು ಮೇಜಿನ ಮುಂದೆ ಕೂತಾಗ ಕೇಳಬೇಕಿದ್ದ ಪ್ರಶ್ನೆ ಇದು, ಬರೆಯುವವರು ಯಾರು? ಕೇಳಿದ್ದು ಎರಡು ಗಂಟೆಯ ನಂತರ. ಅದಕ್ಕೆ ಮುಂಚೆ ಮಾಡಿದ್ದನ್ನೆಲ್ಲ ಬರೆಯುವುದಿಲ್ಲ. ಒಂದು ಸಲ ಸೌಂಡ್ ಪ್ಯಾಕೇಜುಗಳನ್ನು ತೆಗೆದು ಮತ್ತೆ ಹಾಕಿದ್ದೂ ಅದರಲ್ಲಿ ಸೇರಿದೆ. ಅದರಿಂದ ಆದ ಉಪಯೋಗ ಸೊನ್ನೆ.

ಲಿನಕ್ಸಿನಲ್ಲಿ ಸದ್ದಿನ ವಿಷಯ ನೆನಪಿಡುವವರು ಒಬ್ಬರಲ್ಲ. ತಳದಲ್ಲಿ ಆಲ್ಸಾ ಇದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಳಗೇ ಕೂತು ಹಾರ್ಡ್‌ವೇರ್ ಜೊತೆ ನೇರ ಮಾತಾಡುವ ಪದರ ಅದು, 2003ರ ಕೊನೆಗೆ ಬಂದ 2.6 ಕರ್ನಲ್‌ನಿಂದ ಮುಖ್ಯ ಸ್ಥಾನದಲ್ಲಿದೆ. ಅದರ ಮೇಲೆ, ಆ್ಯಪ್‌ಗಳ ಸದ್ದನ್ನು ಸಾಧನಗಳಿಗೆ ಮುಟ್ಟಿಸಲು, ಬಹಳ ವರ್ಷ ಪಲ್ಸ್‌ಆಡಿಯೊ ಇತ್ತು. ಈಗ ಹೆಚ್ಚಿನ ಕಡೆ ಅದರ ಜಾಗಕ್ಕೆ ಪೈಪ್‌ವೈರ್ ಬಂದಿದೆ. 2021ರ ಫೆಡೋರಾ 34 ಅದನ್ನು ಮೊದಲೇ ಡೀಫಾಲ್ಟ್ ಮಾಡಿಕೊಂಡ ದೊಡ್ಡ ವಿತರಣೆಗಳಲ್ಲಿ (ಲಿನಕ್ಸನ್ನು ಕಟ್ಟಿ ಕೊಡುವ ಬೇರೆ ಬೇರೆ ರೂಪಗಳಲ್ಲಿ) ಒಂದು. ಪೈಪ್‌ವೈರ್ ಬರೀ ಕೊಳಾಯಿ. ಯಾವ ನೀರು ಯಾವ ಕೊಳಾಯಿಗೆ ಅಂತ ತೀರ್ಮಾನಿಸುವುದು ವೈರ್‌ಪ್ಲಂಬರ್ ಎಂಬ ಇನ್ನೊಂದು ಪ್ರೋಗ್ರಾಂ. ಹೆಸರಿಗೆ ತಕ್ಕ ಕೆಲಸ. ಯಾವ ಸಾಧನ ಡೀಫಾಲ್ಟ್, ಯಾವುದರ ವಾಲ್ಯೂಮ್ ಎಷ್ಟು, ಯಾವ ಆ್ಯಪ್ ಸದ್ದು ಎಷ್ಟರಲ್ಲಿತ್ತು, ಇವನ್ನೆಲ್ಲ ನೆನಪಿಡುವುದು ಈ ವೈರ್‌ಪ್ಲಂಬರ್. ಸೈಡ್‌ಟೋನ್‌ನಂಥ ಹಾರ್ಡ್‌ವೇರ್ ಗುಂಡಿಗಳ ಗೋಜಿಗೆ ಅದು ಹೋಗುವುದಿಲ್ಲ. ಆ ಲೆಕ್ಕ ಆಲ್ಸಾದ್ದು. ಅಂದರೆ ಅಕ್ಕನ ಮೂರು ದೂರುಗಳಲ್ಲಿ ಎರಡು ಒಬ್ಬ ಗುಮಾಸ್ತನವು, ಒಂದು ಇನ್ನೊಬ್ಬನದು. ನಾನು ಮೂರಕ್ಕೂ ಒಂದೇ ಕಾರಣ ಹುಡುಕುತ್ತಿದ್ದೆ.

ಆಟೋಸ್ಟಾರ್ಟ್ ಪಟ್ಟಿಯಲ್ಲಿ ನನ್ನ ಸ್ಕ್ರಿಪ್ಟಿನ ಟಿಕ್ ತೆಗೆದು, ತೇಪೆಯಿಲ್ಲದೆ ಏನಾಗುತ್ತದೆ ಅಂತ ನೋಡಲು ಶುರುಮಾಡಿದೆ. ಸ್ಲೀಪ್‌ಗೆ ಹಾಕಿ ಎಬ್ಬಿಸಿದೆ. ಎಲ್ಲ ಇದ್ದ ಹಾಗೇ. ಲಾಗೌಟ್ ಆಗಿ ಮತ್ತೆ ಲಾಗಿನ್ ಆದೆ, ಇದ್ದ ಹಾಗೇ. ಹಾಗಾದರೆ ರೀಸ್ಟಾರ್ಟ್‌ನಲ್ಲೇ ಏನೋ ಇದೆ, ಬೂಟ್ ಆಗುವಾಗ ಯಾವುದೋ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಕೆಡಿಸುತ್ತಿದೆ ಅಂತ ಅತ್ತ ಕಡೆ ಮುಕ್ಕಾಲು ಗಂಟೆ ಕಳೆದೆ. ತಪ್ಪು. ಇನ್ನೊಂದು ಸಲ ಲಾಗೌಟ್ ಮಾಡಿದಾಗ ಫೋನ್ ಬಂತು, ಮಾತಾಡಿ ಮುಗಿಸಿ ಲಾಗಿನ್ ಆದೆ. ಸದ್ದು ಸ್ಪೀಕರಿಗೆ, ವಾಲ್ಯೂಮ್ 40. ಲಾಗೌಟ್ ಆದ ಕೂಡಲೇ ಬಳಕೆದಾರನ ಪ್ರೋಗ್ರಾಂಗಳೆಲ್ಲ ಸಾಯುವುದಿಲ್ಲ, ಅವನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿ ಸುಮಾರು 10 ಸೆಕೆಂಡ್ ಕಾಯುತ್ತದೆ. ನಾನು ಅಷ್ಟರಲ್ಲೇ ಮರಳಿ ಬರುತ್ತಿದ್ದೆ. ಹಳೆಯ ವೈರ್‌ಪ್ಲಂಬರ್ ಇನ್ನೂ ಜೀವಂತ ಇತ್ತು, ಅದಕ್ಕೆ ಎಲ್ಲ ನೆನಪಿತ್ತು. ರೀಸ್ಟಾರ್ಟಿಗೂ ಮರೆವಿಗೂ ಸಂಬಂಧವಿಲ್ಲ. ವೈರ್‌ಪ್ಲಂಬರ್ ಸತ್ತು ಹುಟ್ಟಿದರೆ ಸಾಕು, ಮರೆಯುತ್ತದೆ. ಆ ಸರ್ವಿಸ್ ಒಂದನ್ನೇ ರೀಸ್ಟಾರ್ಟ್ ಮಾಡಿ ನೋಡಿದೆ. ಎರಡು ಸೆಕೆಂಡಿನಲ್ಲಿ ತೊಂದರೆ ಕಣ್ಣೆದುರಿಗೆ. ಇಷ್ಟು ಹೊತ್ತು ಸುಮ್ಮನೆ ಕಂಪ್ಯೂಟರ್ ಬೂಟ್ ಆಗುವುದನ್ನು ನೋಡುತ್ತ ಕೂತಿದ್ದೆ.

ಇನ್ನು ಆ 40. ಅಕ್ಕ ಮೊದಲ ದಿನವೇ ಹೇಳಿದ್ದಳು, "ಯಾವಾಗಲೂ ನಲವತ್ತೇ ಕಣೋ, ನಲವತ್ತೊಂದೂ ಅಲ್ಲ." ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹಳೆಯ ಯಾವುದೋ ನೆನಪು ಮತ್ತೆ ಮತ್ತೆ ಬರುತ್ತಿದ್ದರೆ ಸಂಖ್ಯೆ 37 ಇರಬಹುದು, 58 ಇರಬಹುದು. ಮನುಷ್ಯರು ಕೈಯಿಂದ ಎಳೆದು ಬಿಟ್ಟ ಸಂಖ್ಯೆಗಳು ಹಾಗೇ ಇರುತ್ತವೆ. ಸರಿಯಾಗಿ 40 ಅಂದರೆ ಅದು ವೈರ್‌ಪ್ಲಂಬರಿನ ಸ್ವಂತ ಸಂಖ್ಯೆ. ಯಾವ ಸಾಧನದ ಬಗ್ಗೆ ತನಗೆ ಹಿಂದಿನ ದಾಖಲೆ ಸಿಗುವುದಿಲ್ಲವೋ ಅದನ್ನು ಅದು 40ರಲ್ಲಿ ಶುರುಮಾಡುತ್ತದೆ, ಮೊದಲ ಸಲವೇ ಕಿವಿ ಹರಿಯದಿರಲಿ ಅಂತ. ಅದರ ಸೆಟ್ಟಿಂಗ್ಸ್ ಕಡತದಲ್ಲಿ ಹುಡುಕಿದರೆ 40 ಸಿಗುವುದಿಲ್ಲ, 0.064 ಸಿಗುತ್ತದೆ. 0.4ನ್ನು ಮೂರು ಸಲ ಗುಣಿಸಿದರೆ ಬರುವುದು ಅದೇ; ನಮ್ಮ ಕಿವಿಗೆ ಸಮ ಸಮವಾಗಿ ಏರಿದಂತೆ ಕೇಳಬೇಕಾದರೆ ಒಳಗಿನ ಲೆಕ್ಕ ಹೀಗೆ ಘನದಲ್ಲಿರಬೇಕು. ಅಂತೂ 40 ಅಂದರೆ "ಈ ಹೆಡ್‌ಸೆಟ್ಟನ್ನು ನಾನು ಹಿಂದೆಂದೂ ನೋಡಿಲ್ಲ" ಅಂತ ಅದು ಹೇಳಿದ ಹಾಗೆ. ಪ್ರತಿದಿನ ಬೆಳಿಗ್ಗೆ ಅದಕ್ಕೆ ಅವಳ ಹೆಡ್‌ಸೆಟ್ ಹೊಸ ಮುಖ.

ಡಬ್ಲ್ಯುಪಿಸಿಟಿಎಲ್ ಸ್ಟೇಟಸ್ ಅಂತ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಎಲ್ಲರೂ ನೋಡುವುದು ಮೇಲಿನ ಭಾಗ: ಸಾಧನಗಳು, ಯಾವುದರ ಎಡಕ್ಕೆ ನಕ್ಷತ್ರ ಚಿಹ್ನೆಯಿದೆಯೋ ಅದು ಈಗಿನ ಡೀಫಾಲ್ಟ್. ತೀರ ಕೆಳಗೆ, ಬಳಕೆದಾರ ತಾನೇ ಆರಿಸಿದ ಡೀಫಾಲ್ಟ್ ಯಾವುದು ಅಂತ ಬೇರೆ ಒಂದು ಪುಟ್ಟ ವಿಭಾಗ ಇದೆ. ಇವೆರಡು ಒಂದೇ ಅಲ್ಲ. ಮೇಲಿನದು "ಈಗ ಏನು ನಡೆಯುತ್ತಿದೆ", ಕೆಳಗಿನದು "ನೀನು ಏನು ಬೇಕೆಂದಿದ್ದೆ". ಹೆಡ್‌ಸೆಟ್ ಆರಿಸಿದಾಗ ಕೆಳಗಿನ ವಿಭಾಗದಲ್ಲಿ ಅದರ ಹೆಸರು ಬಂತು. ಸರ್ವಿಸ್ ರೀಸ್ಟಾರ್ಟ್ ಮಾಡಿದೆ, ವಿಭಾಗ ಖಾಲಿ. ಅಕ್ಕನ ಆಯ್ಕೆಯನ್ನು ಯಾರೂ ತಿರಸ್ಕರಿಸಿರಲಿಲ್ಲ, ಅದರ ದಾಖಲೆಯೇ ಇರಲಿಲ್ಲ. ಆಯ್ಕೆ ಇಲ್ಲದಾಗ ವೈರ್‌ಪ್ಲಂಬರ್ ತನ್ನದೇ ಆದ್ಯತೆಯ ಲೆಕ್ಕ ಹಾಕುತ್ತದೆ, ಆ ಲೆಕ್ಕದಲ್ಲಿ ಈ ಕಂಪ್ಯೂಟರಿನಲ್ಲಿ ಸ್ಪೀಕರ್ ಗೆಲ್ಲುತ್ತಿತ್ತು.

ಬರೆಯುತ್ತಿಲ್ಲ ಅಂತಾಯಿತು. ಯಾಕೆ? ಹೊಸದೊಂದು ಬಳಕೆದಾರ ಖಾತೆ ತೆರೆದೆ. ಇಂಥ ಪ್ರಕರಣಗಳಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಹರಿತವಾದ ಪರೀಕ್ಷೆ ಇನ್ನೊಂದಿಲ್ಲ, ಆದರೂ ನನಗೆ ಯಾವಾಗಲೂ ಕೊನೆಗೇ ನೆನಪಾಗುತ್ತದೆ. ಹೊಸ ಖಾತೆಯಲ್ಲಿ ಹೆಡ್‌ಸೆಟ್ ಆರಿಸಿ, ವಾಲ್ಯೂಮ್ 71 ಇಟ್ಟು, ರೀಸ್ಟಾರ್ಟ್ ಮಾಡಿದೆ. ಹೆಡ್‌ಸೆಟ್, 71. ಡ್ರೈವರ್, ಕರ್ನಲ್, ಹೆಡ್‌ಸೆಟ್, ವಿತರಣೆ, ಎಲ್ಲವೂ ನಿರ್ದೋಷಿ. ಕಳ್ಳ ಅಕ್ಕನ ಹೋಮ್ ಫೋಲ್ಡರಿನೊಳಗೇ, ಅಂದರೆ ಅವಳ ಕಡತಗಳೆಲ್ಲ ಇರುವ ಫೋಲ್ಡರಿನೊಳಗೇ, ಇದ್ದಾನೆ.

ವೈರ್‌ಪ್ಲಂಬರ್ ತನ್ನ ದಾಖಲೆಗಳನ್ನು ಇಡುವುದು ಹೋಮ್ ಒಳಗಿನ ಚುಕ್ಕಿ-ಲೋಕಲ್, ಅದರೊಳಗಿನ ಸ್ಟೇಟ್, ಅದರೊಳಗಿನ ವೈರ್‌ಪ್ಲಂಬರ್ ಎಂಬ ಫೋಲ್ಡರಿನಲ್ಲಿ. ಅದನ್ನು ತೆರೆಯಹೋದೆ, ಪರ್ಮಿಷನ್ ಡಿನೈಡ್. ಅವಳ ಖಾತೆಯಲ್ಲಿ, ಅವಳ ಮನೆಯೊಳಗಿನ ಕೋಣೆಗೆ ಅವಳಿಗೇ ಪ್ರವೇಶವಿಲ್ಲ. ಎಲ್‌ಎಸ್ ಕಮಾಂಡಿಗೆ ಎಲ್ ಆಯ್ಕೆ ಕೊಟ್ಟು ನೋಡಿದರೆ ಸ್ಟೇಟ್ ಫೋಲ್ಡರಿನ ಮಾಲೀಕ ರೂಟ್, ಅಂದರೆ ಸಿಸ್ಟಮ್ಮಿನ ಸರ್ವಾಧಿಕಾರಿ ಖಾತೆ. ರೂಟ್ ಅಧಿಕಾರ ಕೊಡುವ ಸುಡೊ ಹಾಕಿ ಒಳಹೊಕ್ಕೆ. ಡೀಫಾಲ್ಟ್ ಸಾಧನಗಳ ಒಂದು ಕಡತ, ವಾಲ್ಯೂಮ್‌ಗಳ ಒಂದು ಕಡತ, ಆ್ಯಪ್‌ಗಳ ಸದ್ದಿನದು ಇನ್ನೊಂದು, ಎಲ್ಲವೂ ರೂಟ್ ಹೆಸರಿನಲ್ಲಿ, ಎಲ್ಲದರ ಮೇಲೂ ಒಂದೇ ದಿನದ ತಾರೀಖು, ನಿಮಿಷ ಕೂಡ ಒಂದೇ. ಎಂಟು ತಿಂಗಳ ಹಿಂದಿನದು. ಆಮೇಲೆ ಯಾರೂ ಮುಟ್ಟಿಲ್ಲ.

ಆ ತಾರೀಖು ನೋಡಿ ಕುರ್ಚಿಗೆ ಒರಗಿದೆ. ಅವಳ ಹಳೆಯ ಡಿಸ್ಕ್ ತೆಗೆದು ಹೊಸ ಎಸ್‌ಎಸ್‌ಡಿ ಹಾಕಿದ್ದು ಆವತ್ತೇ. ಹಾಕಿದವನು ನಾನೇ.

ಆವತ್ತು ಆದದ್ದು ಹೀಗೆ. ಹೊಸದಾಗಿ ಸಿಸ್ಟಮ್ ಇನ್‌ಸ್ಟಾಲ್ ಮಾಡಿ, ಬ್ಯಾಕಪ್‌ನಿಂದ ಹೋಮ್ ಫೋಲ್ಡರನ್ನು ಸುಡೊ ಹಾಕಿ ಕಾಪಿ ಮಾಡಿದೆ. ಕಾಪಿ ಕಮಾಂಡಿಗೆ ಎ ಆಯ್ಕೆ ಕೊಟ್ಟಿದ್ದರೆ ಮಾಲೀಕತ್ವ, ತಾರೀಖು ಎಲ್ಲ ಇದ್ದ ಹಾಗೇ ಬರುತ್ತಿತ್ತು. ನಾನು ಆತುರದಲ್ಲಿ ಆರ್ ಮಾತ್ರ ಕೊಟ್ಟೆ, ಹಾಗಾಗಿ ಕಾಪಿ ಆದದ್ದೆಲ್ಲ ರೂಟ್‌ನ ಸೊತ್ತಾಯಿತು. ತಪ್ಪು ಗೊತ್ತಾಗಿ, ಹೋಮ್ ಒಳಗಿರುವ ಎಲ್ಲವೂ ಅಕ್ಕನಿಗೆ ಸೇರಲಿ ಅಂತ ಮಾಲೀಕನನ್ನು ಬದಲಿಸುವ ಚೌನ್ ಕಮಾಂಡ್ ಕೊಟ್ಟೆ, "ಎಲ್ಲವೂ" ಅನ್ನುವುದಕ್ಕೆ ನಕ್ಷತ್ರ ಚಿಹ್ನೆ ಹಾಕಿ. ಕಮಾಂಡುಗಳನ್ನು ಓದಿ ನಡೆಸುವ ಶೆಲ್‌ನಲ್ಲಿ ಆ ನಕ್ಷತ್ರಕ್ಕೆ ಒಂದು ಹಳೆಯ ಗುಣವಿದೆ: ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗೆ ಚುಕ್ಕಿಯಿಟ್ಟು ಅಡಗಿಸಿದ ಫೋಲ್ಡರುಗಳೆಲ್ಲ ರೂಟ್ ಕೈಯಲ್ಲೇ ಉಳಿದವು. ಲಾಗಿನ್ ಆಗಲಿಲ್ಲ. ಆಗ ಕೈಯಾರೆ ಒಂದೊಂದೇ ಸರಿಪಡಿಸಿದೆ: ಕಾನ್ಫಿಗ್, ಕ್ಯಾಶ್, ಲೋಕಲ್ ಮತ್ತು ಅದರೊಳಗಿನ ಶೇರ್. ವರ್ಷಗಳಿಂದ ಬಾಯಿಪಾಠವಾಗಿರುವ ಪಟ್ಟಿ ಅದು. ಲಾಗಿನ್ ಆಯಿತು, ವಾಲ್‌ಪೇಪರ್ ಬಂತು, ಬ್ರೌಸರಿನಲ್ಲಿ ಅವಳ ಬುಕ್‌ಮಾರ್ಕುಗಳಿದ್ದವು, ಕೈ ಒರೆಸಿಕೊಂಡು ಎದ್ದೆ.

ನನ್ನ ಪಟ್ಟಿಯಲ್ಲಿ ಸ್ಟೇಟ್ ಇರಲಿಲ್ಲ. ಆ ಫೋಲ್ಡರ್ ನಾನು ಲಿನಕ್ಸ್ ಕಲಿತ ಕಾಲದ್ದಲ್ಲ. ಯಾವ ಥರದ ಕಡತ ಎಲ್ಲಿರಬೇಕು ಎಂದು ಹೇಳುವ ಎಕ್ಸ್‌ಡಿಜಿ ನಿಯಮಾವಳಿಗೆ ಅದು ಸೇರಿದ್ದು 2021ರಲ್ಲಿ. ಸೆಟ್ಟಿಂಗ್ಸ್ ಒಂದು ಕಡೆ, ಡೇಟಾ ಒಂದು ಕಡೆ, ಬಿಸಾಡಬಹುದಾದದ್ದು ಒಂದು ಕಡೆ ಇತ್ತು. "ಕಳೆದುಹೋದರೆ ಪ್ರಪಂಚ ಮುಳುಗುವುದಿಲ್ಲ, ಆದರೆ ನಾಳೆಗೂ ನೆನಪಿರಲಿ" ಅನ್ನುವಂಥದಕ್ಕೆ ಜಾಗ ಬೇಕಿತ್ತು. ವಾಲ್ಯೂಮ್ ಅಂಥದೇ. ಅದನ್ನು ಬಳಸುವ ಪ್ರೋಗ್ರಾಂಗಳು ಇನ್ನೂ ಕಡಿಮೆ. ಅದಕ್ಕೇ ಎಂಟು ತಿಂಗಳು ಬೇರೆ ಯಾವುದೂ ಕೆಟ್ಟಂತೆ ಕಾಣಲಿಲ್ಲ, ಸದ್ದೊಂದೇ ಕೆಟ್ಟಿತು.

ನೀವು ಕೇಳಬಹುದು, ಬರೆಯಲಾಗದಿದ್ದರೆ ವೈರ್‌ಪ್ಲಂಬರ್ ಹೇಳಬಾರದಿತ್ತೆ? ಹೇಳಿತ್ತು. ಸಿಸ್ಟಮ್ಮಿನ ಲಾಗ್ ಆದ ಜರ್ನಲ್‌ನಲ್ಲಿ ಆ ಸರ್ವಿಸಿನ ಸಾಲುಗಳನ್ನಷ್ಟೇ ತೆಗೆದು ನೋಡಿದರೆ, ಅಕ್ಕ ವಾಲ್ಯೂಮ್ ಮುಟ್ಟಿದಾಗಲೆಲ್ಲ ಉಳಿಸಲಾಗಲಿಲ್ಲ, ಅನುಮತಿಯಿಲ್ಲ ಅಂತ ಗೊಣಗಿದೆ. ಎಂಟು ತಿಂಗಳ ಗೊಣಗಾಟ. ಪರದೆಯ ಮೇಲೆ ಏನೂ ಬಂದಿಲ್ಲ. ಸ್ಲೈಡರ್ ಎಳೆದ ಕಡೆ ಹೋಗುತ್ತಿತ್ತು, ಸದ್ದೂ ಬದಲಾಗುತ್ತಿತ್ತು, ಎಲ್ಲವೂ ಮೆಮೊರಿಯಲ್ಲಿ ಸರಿಯಾಗೇ ಇರುತ್ತಿತ್ತು. ನನ್ನ ಮಟ್ಟಿಗೆ ಇದು ವಿನ್ಯಾಸದ ಕೊರತೆ. ಉಳಿಸಲಾಗದ ಸೆಟ್ಟಿಂಗನ್ನು ಉಳಿದಂತೆ ತೋರಿಸುವುದಕ್ಕಿಂತ ಒಂದು ಸಲ ಎಚ್ಚರಿಸುವುದು ಮೇಲು. ಆದರೆ ಲಾಗ್ ನೋಡದೆ ಪ್ಯಾಕೇಜ್ ಕಿತ್ತು ಹಾಕಿದವನು ಈ ಮಾತನ್ನು ಜೋರಾಗಿ ಹೇಳುವ ಹಾಗಿಲ್ಲ.

ಸರಿಪಡಿಸಿದ್ದು ಒಂದು ಸಾಲಿನಲ್ಲಿ: ಸ್ಟೇಟ್ ಫೋಲ್ಡರನ್ನು ಒಳಗಿನದೆಲ್ಲದರ ಸಮೇತ ಅಕ್ಕನ ಹೆಸರಿಗೆ ಚೌನ್. ಜೊತೆಗೆ ಇಡೀ ಹೋಮ್‌ನಲ್ಲಿ ರೂಟ್ ಮಾಲೀಕತ್ವದ ಕಡತ ಇನ್ನೇನಾದರೂ ಇದೆಯೇ ಅಂತ ಫೈಂಡ್ ಕಮಾಂಡಿನಿಂದ ಹುಡುಕಿದೆ. ಇನ್ನೂ ನಾಲ್ಕು ಸಿಕ್ಕವು. ಈ ಹುಡುಕಾಟವನ್ನು ಎಂಟು ತಿಂಗಳ ಹಿಂದೆ ಮಾಡಿದ್ದರೆ ಅರ್ಧ ನಿಮಿಷದ ಕೆಲಸ. ಹೆಡ್‌ಸೆಟ್ ಆರಿಸಿ, 58 ಇಟ್ಟು, ರೀಸ್ಟಾರ್ಟ್. ಹೆಡ್‌ಸೆಟ್, 58.

ಸೈಡ್‌ಟೋನ್ ನೋಡಿದೆ. ಸೊನ್ನೆ. ಅದೂ ಸರಿಹೋಗಿದೆ! ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

"ನೀನು ಬಂದರೆ ಅದು ಹಾಗೇ, ಸಾಧು ಆಗುತ್ತೆ" ಅಂದಳು ಅಕ್ಕ. ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಹೋದ ಹಾಗೆ. ಕಾರಣ ಗೊತ್ತಿಲ್ಲದೆ ಸರಿಹೋದದ್ದು ಕಾರಣ ಗೊತ್ತಿಲ್ಲದೆ ಕೆಡುತ್ತದೆ. ನನಗೆ ಎದ್ದುಹೋಗಲು ಮನಸ್ಸಾಗಲಿಲ್ಲ. ಸೈಡ್‌ಟೋನ್ ಆಲ್ಸಾದ ಪಾಲಿನದು ಅಂದೆನಲ್ಲ. ಆಲ್ಸಾ ತನ್ನ ಗುಂಡಿಗಳ ಸ್ಥಿತಿಯನ್ನು ಎಲ್ಲರಿಗೂ ಸೇರಿ ಒಂದೇ ಕಡತದಲ್ಲಿ ಇಡುತ್ತದೆ. ಆ ಕಡತ ಯಾರ ಹೋಮ್‌ನಲ್ಲೂ ಇಲ್ಲ, ಸಿಸ್ಟಮ್ಮಿನ ವಾರ್ ಫೋಲ್ಡರಿನ ಒಳಗಿದೆ, ಹೆಸರು ಎಸೌಂಡ್ ಡಾಟ್ ಸ್ಟೇಟ್. ಬೂಟ್ ಆಗುವಾಗ ಆಲ್ಸಾಸಿಟಿಎಲ್ ಎಂಬ ಪ್ರೋಗ್ರಾಂ ಅದನ್ನು ಓದಿ ಗುಂಡಿಗಳನ್ನು ಕೂರಿಸುತ್ತದೆ. ಬರೆಯುವುದು ಯಾವಾಗ? ಸಾಮಾನ್ಯವಾಗಿ ಒಂದೇ ಸಲ, ಶಟ್‌ಡೌನ್ ಆಗುವಾಗ. ವೈರ್‌ಪ್ಲಂಬರ್ ಹಾಗಲ್ಲ, ನೀವು ಸ್ಲೈಡರ್ ಬಿಟ್ಟ ಒಂದೆರಡು ಸೆಕೆಂಡಿನಲ್ಲೇ ಬರೆಯಲು ಹೋಗುತ್ತದೆ. ಒಬ್ಬ ಆಗಿಂದಾಗಲೇ ಲೆಕ್ಕ ಬರೆಯುವವನು, ಇನ್ನೊಬ್ಬ ಬಾಗಿಲು ಮುಚ್ಚುವಾಗ.

ಬಾಗಿಲೇ ಮುಚ್ಚದಿದ್ದರೆ? ಲಾಸ್ಟ್ ಎಂಬ ಕಮಾಂಡ್ ಯಾರು ಯಾವಾಗ ಲಾಗಿನ್ ಆದರು, ಸೆಷನ್ ಹೇಗೆ ಮುಗಿಯಿತು ಅಂತ ತೋರಿಸುತ್ತದೆ. ಕೊಟ್ಟೆ. ನಾನು ಆ ದಿನ ಮಾಡಿದ ರೀಸ್ಟಾರ್ಟುಗಳನ್ನು ಬಿಟ್ಟರೆ ಕೆಳಗೆ ಸಾಲಾಗಿ ಕ್ರ್ಯಾಶ್, ಕ್ರ್ಯಾಶ್, ಕ್ರ್ಯಾಶ್. ಕಂಪ್ಯೂಟರ್ ದಿನಾ ಸಾಯುತ್ತಿತ್ತೆ? ಪವರ್ ಸಪ್ಲೈ ಹೋಗಿದೆಯೇ ಅಂತ ಗಾಬರಿಯಾಯಿತು. ಆಮೇಲೆ ಹೊಳೆಯಿತು. ಸೈಡ್‌ಟೋನ್ ಬೇಕೆಂದೇ 60ಕ್ಕೆ ಏರಿಸಿ, "ಅಕ್ಕ, ದಿನಾ ಹೇಗೆ ಆಫ್ ಮಾಡ್ತೀಯೋ ಹಾಗೆ ಮಾಡು" ಅಂದೆ.

ಅವಳು ಮೌಸ್ ಮುಟ್ಟಲಿಲ್ಲ. ಫೈಲ್ ಸೇವ್ ಮಾಡಿದಳು, ಹೆಡ್‌ಸೆಟ್ ತೆಗೆದು ಕೊಕ್ಕೆಗೆ ಸಿಕ್ಕಿಸಿದಳು, ಬಗ್ಗಿ ಕೇಸಿನ ಪವರ್ ಬಟನ್ ಒತ್ತಿ ಹಿಡಿದಳು. ಒಂದು, ಎರಡು, ಮೂರು, ನಾಲ್ಕು. ಪರದೆ ಕಪ್ಪಾಯಿತು, ಫ್ಯಾನ್ ನಿಂತಿತು.

ಆ ಬಟನ್ನನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹಾರ್ಡ್‌ವೇರೇ ಕರೆಂಟ್ ಕಿತ್ತುಹಾಕುತ್ತದೆ. ಆಪರೇಟಿಂಗ್ ಸಿಸ್ಟಮ್ಮಿಗೆ ಸುದ್ದಿಯೂ ಇರುವುದಿಲ್ಲ. ಪೂರ್ತಿ ಹೆಪ್ಪುಗಟ್ಟಿದ ಯಂತ್ರಕ್ಕೆ ಅಂತ ಇಟ್ಟ ಕೊನೆಯ ದಾರಿ ಅದು. ಯಾಕೆ ಹೀಗೆ ಮಾಡುತ್ತೀಯ ಅಂತ ಕೇಳಿದರೆ ಉತ್ತರ ಸಿದ್ಧವಿತ್ತು: "ಮೆನುವಿನಿಂದ ಮಾಡಿದಾಗ ಒಂದ್ಸಲ ಏನೋ ಇಂಗ್ಲಿಷಿನಲ್ಲಿ ಬರೆದುಕೊಂಡು ನಿಂತುಬಿಡ್ತು. ಒಂದೂವರೆ ನಿಮಿಷ. ನಿನಗೆ ಫೋನ್ ಮಾಡಿದೆ, 'ಬಟನ್ ಒತ್ತಿ ಹಿಡಿ, ಆಫ್ ಆಗುತ್ತೆ' ಅಂದೆ. ಒತ್ತಿ ಹಿಡಿದೆ. ಆಯ್ತು." ಒಂದೂವರೆ ನಿಮಿಷ ಎಂದ ಕೂಡಲೇ ನನಗೆ ಗೊತ್ತಾಯಿತು, ಮುಚ್ಚಲೊಲ್ಲದ ಪ್ರೋಗ್ರಾಂಗೆ ಸಿಸ್ಟಮ್‌ಡಿ ಕೊಡುವ ಗಡುವು 90 ಸೆಕೆಂಡ್. ಇನ್ನರ್ಧ ಕ್ಷಣ ಕಾದಿದ್ದರೆ ತಾನಾಗೇ ಆಫ್ ಆಗುತ್ತಿತ್ತು. ನಾನು ಒಂದು ದಿನದ ಮಟ್ಟಿಗೆ ಹೇಳಿದ್ದು ಅವಳಿಗೆ ವಿಧಾನವಾಗಿತ್ತು.

ಕಂಪ್ಯೂಟರ್ ಆನ್ ಮಾಡಿದೆ. ಸೈಡ್‌ಟೋನ್ 60 ಇರಲಿಲ್ಲ, ಸೊನ್ನೆಗೆ ಮರಳಿತ್ತು. ಮರೆವು ಅದೇ, ದಿಕ್ಕು ಮಾತ್ರ ಉಲ್ಟಾ. ಲೆಕ್ಕ ತಾಳೆಯಾಯಿತು: ಯಾವಾಗಲೋ ಒಮ್ಮೆ ಮೆನುವಿನಿಂದ ಶಟ್‌ಡೌನ್ ಆದಾಗ ಸೈಡ್‌ಟೋನ್ ಆನ್ ಇತ್ತು, ಅದು ಕಡತಕ್ಕೆ ಬಿತ್ತು. ಆಮೇಲೆ ದಿನಾ ಅವಳು ಸೊನ್ನೆ ಮಾಡುತ್ತಿದ್ದಳು, ದಿನಾ ಬಟನ್ ಒತ್ತಿ ಹಿಡಿಯುತ್ತಿದ್ದಳು, ಬೆಳಿಗ್ಗೆ ಅದೇ ಹಳೆಯ ದಾಖಲೆ ಓದಿಕೊಳ್ಳುತ್ತಿತ್ತು. ಇವತ್ತು ನಾನು ಬಂದು ಮೆನುವಿನಿಂದ ರೀಸ್ಟಾರ್ಟ್ ಮಾಡಿದಾಗ, ಅವಳು ಬೆಳಿಗ್ಗೆ ಮಾಡಿದ್ದ ಸೊನ್ನೆ ಮೊದಲ ಸಲ ಕಡತ ಸೇರಿತು. ಪರೀಕ್ಷೆ ಮಾಡಿದ್ದೇ ಔಷಧಿಯಾಗಿತ್ತು. ಬಟನ್ ಬಿಟ್ಟು ಮೆನು ಬಳಸು ಅಂತ ಹೇಳಿದೆ. ಸಾಲದು ಅಂತ ಸುಡೊ ಜೊತೆ ಆಲ್ಸಾಸಿಟಿಎಲ್ ಸ್ಟೋರ್ ಅಂತಲೂ ಕೊಟ್ಟೆ; ಈಗಿನ ಸ್ಥಿತಿಯನ್ನು ಶಟ್‌ಡೌನ್‌ಗೆ ಕಾಯದೆ ಆ ಕ್ಷಣವೇ ಬರೆದಿಡುವ ಕಮಾಂಡ್ ಅದು. ಕರೆಂಟ್ ಹೋದರೂ ಇನ್ನು ಸೊನ್ನೆಯೇ ಬರುತ್ತದೆ.

ಇದೇ ತೊಂದರೆ ವಿಂಡೋಸ್‌ನಲ್ಲಿ ಬಂದವರಿಗೆ ಕಡತಗಳ ಹೆಸರು ಬೇರೆ, ಹುಡುಕುವ ಬಗೆ ಹೆಚ್ಚುಕಡಿಮೆ ಇದೇ. ಅಲ್ಲಿ ಸಾಧನಗಳ ದಾಖಲೆ ರಿಜಿಸ್ಟ್ರಿ ಎಂಬ ಸೆಟ್ಟಿಂಗ್ಸ್ ಭಂಡಾರದಲ್ಲಿರುತ್ತದೆ. ಸೀರಿಯಲ್ ನಂಬರ್ ಇಲ್ಲದ ಯುಎಸ್‌ಬಿ ಹೆಡ್‌ಸೆಟ್ಟನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ಅದು ಹೊಸ ಸಾಧನ ಅಂತಲೇ ಲೆಕ್ಕ, ಹಳೆಯ ವಾಲ್ಯೂಮ್ ಹಳೆಯ ಪೋರ್ಟಿನ ಹೆಸರಿನಲ್ಲೇ ಉಳಿಯುತ್ತದೆ. ಇನ್ನೊಂದು ವಿಚಿತ್ರ: ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ, ಕರ್ನಲ್ಲಿನ ಸ್ಥಿತಿ ಡಿಸ್ಕಿನಲ್ಲಿ ಉಳಿದಿರುತ್ತದೆ, ರೀಸ್ಟಾರ್ಟ್ ಮಾತ್ರ ಹೊಸದಾಗಿ ಬೂಟ್ ಮಾಡುತ್ತದೆ. ಹಾಗಾಗಿ "ಆಫ್ ಮಾಡಿ ಆನ್ ಮಾಡಿದರೆ ಸರಿ, ರೀಸ್ಟಾರ್ಟ್ ಮಾಡಿದರೆ ಕೆಡುತ್ತೆ" ಅಂತ ಯಾರಾದರೂ ಹೇಳಿದರೆ ನಗಬೇಡಿ, ನಿಜವಿರಬಹುದು. ಕರೆ ಬಂದಾಗ ಉಳಿದ ಸದ್ದನ್ನು 80% ತಗ್ಗಿಸುವ ಆಯ್ಕೆಯೂ ಅಲ್ಲಿದೆ; ಅದನ್ನೇ ರೀಸೆಟ್ ಅಂದುಕೊಂಡವರನ್ನು ನೋಡಿದ್ದೇನೆ.

ಪರೀಕ್ಷೆಗೆ ಕೂರುವ ಮೊದಲು ಏನೇನು ಬದಲಿಸಿದೆನೋ ಚೀಟಿಯಲ್ಲಿ ಬರೆದುಕೊಂಡು, ಮುಗಿದ ಮೇಲೆ ಒಂದೊಂದನ್ನೂ ಮೊದಲಿನಂತೆ ಮಾಡುವುದು ನನ್ನ ಅಭ್ಯಾಸ. ಪರರ ಕಂಪ್ಯೂಟರ್, ಶಿಸ್ತು ಇರಬೇಕು. ಹೊಸ ಖಾತೆ ಅಳಿಸಿದೆ. ಲಾಗ್ ಸೆಟ್ಟಿಂಗ್ಸ್ ವಾಪಸ್ ಇಟ್ಟೆ. ಚೀಟಿಯ ಎಲ್ಲ ಸಾಲುಗಳ ಮೇಲೂ ಗೆರೆ ಎಳೆದು ಮನೆಗೆ ಬಂದೆ.

ಎರಡು ದಿನ ಬಿಟ್ಟು ಫೋನ್. "ಹೆಡ್‌ಸೆಟ್ ಸರಿಯಾಗಿದೆ ಕಣೋ. ಟಕಟಕ ಇಲ್ಲ. ಆದರೆ ವಾಲ್ಯೂಮ್ ಮತ್ತೆ ಅದೇ ಕತೆ. ನೀನು ಇನ್ನು ನೆನಪಿರುತ್ತೆ ಅಂದೆ, ನಾನು 52 ಇಟ್ಟೆ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ."

ಎದೆ ಧಸಕ್ಕೆಂದಿತು. "ನಲವತ್ತಾ?"

"ಅಲ್ಲ. ಅರವತ್ತೈದು."

ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕಾಯಿತು. 40 ವೈರ್‌ಪ್ಲಂಬರಿನ ಸಂಖ್ಯೆ. 65 ನನ್ನದು. ಚೀಟಿಯ ಮೊದಲ ಸಾಲೇ "ಆಟೋಸ್ಟಾರ್ಟ್ ಟಿಕ್ ತೆಗೆದಿದ್ದೇನೆ" ಅಂತ ಇತ್ತು. ಶಿಸ್ತಿನಿಂದ ಮತ್ತೆ ಹಾಕಿ ಬಂದಿದ್ದೆ. ವೈರ್‌ಪ್ಲಂಬರ್ ಈಗ ನಿಯತ್ತಾಗಿ 52 ನೆನಪಿಟ್ಟು, ಬೆಳಿಗ್ಗೆ 52ಕ್ಕೇ ಕೂರಿಸುತ್ತಿತ್ತು. 5 ಸೆಕೆಂಡ್ ಬಿಟ್ಟು ನನ್ನ ಸ್ಕ್ರಿಪ್ಟ್ ಎದ್ದು 65 ಮಾಡುತ್ತಿತ್ತು. ಅದನ್ನು ವೈರ್‌ಪ್ಲಂಬರ್ ಮತ್ತೆ ಅಷ್ಟೇ ನಿಯತ್ತಿನಿಂದ ಬರೆದುಕೊಳ್ಳುತ್ತಿತ್ತು.

ಫೋನ್‌ನಲ್ಲೇ ಸ್ಕ್ರಿಪ್ಟ್ ತೆರೆಸಿ ಓದು ಅಂದೆ, ಅಳಿಸುವ ಮೊದಲು ಸರಿಯಾದ ಕಡತವೇ ಅಂತ ಖಾತ್ರಿ ಮಾಡಿಕೊಳ್ಳಲು. ಮೊದಲ ಸಾಲನ್ನು ಅವಳು ನಿಧಾನವಾಗಿ, ಒತ್ತಿ ಒತ್ತಿ ಓದಿದಳು: "ತಾತ್ಕಾಲಿಕ. ಮುಂದಿನ ಸಲ ಬಂದಾಗ ತೆಗೆಯಬೇಕು." ನಾನೇ ಹೇಳಿ ಬರೆಸಿದ ಸಾಲು. ಅಳಿಸಿಸಿದೆ.

ಮಾರನೆಯ ದಿನ ಬೆಳಿಗ್ಗೆ ಫೋನ್ ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಸಂಜೆ ತಡೆಯಲಾರದೆ ನಾನೇ ಮಾಡಿ, ವಾಲ್ಯೂಮ್ ಎಷ್ಟಿದೆ ಅಂತ ಕೇಳಿದೆ.

"ಐವತ್ತೆರಡು," ಅಂದಳು. "ಯಾಕೆ, ಎಷ್ಟಿರಬೇಕಿತ್ತು?"